ಭೂಮಿ ಅಗೆಯುವ ಯಂತ್ರ: ಬಕೆಟ್ಟಿನ ಆಯ್ಕೆ ಮತ್ತು ಜೋಡಣೆ

ನೀರಿನ ಕೊಳವೆ ಹೂಳುವುದಕ್ಕಾಗಲಿ, ಕಟ್ಟಡದ ತಳಪಾಯ ತೋಡುವುದಕ್ಕಾಗಲಿ, ಚರಂಡಿಯ ಹೂಳು ತೆಗೆಯುವುದಕ್ಕಾಗಲಿ ಇಂದು ನಮ್ಮ ನಗರಗಳಲ್ಲಿ ಮೊದಲು ಬಂದು ನಿಲ್ಲುವುದು ಹಳದಿ ಬಣ್ಣದ ಒಂದು ಯಂತ್ರ. ಮುಂದೆ ಅಗಲವಾದ ಬಕೆಟ್, ಹಿಂದೆ ಉದ್ದನೆಯ ತೋಳು, ಆ ತೋಳಿನ ತುದಿಯಲ್ಲಿ ಹಲ್ಲುಗಳುಳ್ಳ ಚಿಕ್ಕ ಬಕೆಟ್. ಮುಂಬಯಿಯಿಂದ ಚೆನ್ನೈವರೆಗೆ ಜನರು ಇದನ್ನು ಜೆಸಿಬಿ ಎಂದೇ ಕರೆಯುತ್ತಾರೆ. ವಾಸ್ತವವಾಗಿ ಅದು ಯಂತ್ರದ ಹೆಸರಲ್ಲ, ತಯಾರಕರ ಹೆಸರು. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬುವರು 1945ರಲ್ಲಿ ಒಂದು ಚಿಕ್ಕ ಬಾಡಿಗೆಯ ಗ್ಯಾರೇಜಿನಲ್ಲಿ ಪ್ರಾರಂಭಿಸಿದ ಉದ್ಯಮವು 1953ರಲ್ಲಿ ಈ ಬಗೆಯ ಯಂತ್ರವನ್ನು ಹೊರತಂದಿತು. ಭಾರತದಲ್ಲಿ 1979ರಿಂದ ಹರಿಯಾಣದ ಬಲ್ಲಭಗಢದಲ್ಲಿ ಅದರ ತಯಾರಿಕೆ ನಡೆಯಿತು. ಬೇರೆ ತಯಾರಕರ ಯಂತ್ರಗಳೂ ಇಂದು ಹೇರಳವಾಗಿವೆ. ಆದುದರಿಂದ ಈ ಲೇಖನದಲ್ಲಿ ಬ್ಯಾಕ್‌ಹೋ ಲೋಡರ್ ಎಂಬ ಸಾಮಾನ್ಯ ನಾಮವನ್ನೇ ಬಳಸಲಾಗಿದೆ.

'ಬ್ಯಾಕ್‌ಹೋ' ಎಂಬುದಕ್ಕೆ 'ಹಿಂಬದಿಯ ಗುದ್ದಲಿ' ಎಂದು ಅರ್ಥ ಹೇಳುವವರುಂಟು. ಅದು ಅಷ್ಟು ಸರಿಯಲ್ಲ. ಗುದ್ದಲಿಯಿಂದ ಅಗೆಯುವವನು ಮಣ್ಣನ್ನು ತನ್ನ ಕಾಲಿನ ಕಡೆಗೆ ಎಳೆದುಕೊಳ್ಳುವಂತೆ ಈ ಯಂತ್ರವೂ ಮಣ್ಣನ್ನು ತನ್ನತ್ತ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೆಸರು ಬಂದಿರುವುದು ಆ ಚಲನೆಯಿಂದ. ಬಕೆಟ್ ಎಂಬ ಪದಕ್ಕೆ ತೊಟ್ಟಿ, ಮೊಗೆ ಮುಂತಾದ ಕನ್ನಡ ಪದಗಳನ್ನು ಪ್ರಯತ್ನಿಸಿ ನೋಡಿದ್ದಾಯಿತು. ಯಂತ್ರದ ಬಳಿ ನಿಂತ ಯಾರಿಗೂ ಅವು ಅರ್ಥವಾಗಲಿಲ್ಲ. ಬಕೆಟ್ ಎಂಬುದೇ ಇರಲಿ.

ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗಿ ಕಟ್ಟಡ ಮತ್ತು ರಸ್ತೆ ಕಾಮಗಾರಿಗಳಲ್ಲಿ ದುಡಿಯುತ್ತಿರುವ ಕನ್ನಡಿಗರು ಅನೇಕರಿದ್ದಾರೆ. ಯಂತ್ರದ ಸಹಾಯಕರಾಗಿ ಸೇರಿ, ಕೆಲವು ವರ್ಷಗಳಲ್ಲಿ ಆಪರೇಟರುಗಳಾಗಿ, ಸಾಲ ಮಾಡಿ ಸ್ವಂತ ಯಂತ್ರ ಕೊಂಡವರೂ ಅವರಲ್ಲಿದ್ದಾರೆ. ಯಂತ್ರದ ಕೈಪಿಡಿ ಹೆಚ್ಚಾಗಿ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇರುತ್ತದೆ. ಆಸನದ ಹಿಂದಿನ ಪೆಟ್ಟಿಗೆಯಲ್ಲಿ ಗ್ರೀಸ್ ಹತ್ತಿ ಬಿದ್ದಿರುತ್ತದೆ. ಬಕೆಟ್ ಬದಲಾಯಿಸುವ ವಿದ್ಯೆಯನ್ನು ಒಬ್ಬರು ಇನ್ನೊಬ್ಬರನ್ನು ನೋಡಿ ಕಲಿಯುತ್ತಾರೆ, ತಪ್ಪುಗಳೂ ಹಾಗೆಯೇ ಕೈಯಿಂದ ಕೈಗೆ ಸಾಗುತ್ತವೆ. ಬೆರಳು ಹೋಗುವುದು, ಕಣ್ಣಿಗೆ ಉಕ್ಕಿನ ಚೂರು ಬೀಳುವುದು, ಕೆಲವೊಮ್ಮೆ ಪ್ರಾಣವೇ ಹೋಗುವುದು ಇಂತಹ ತಪ್ಪುಗಳಿಂದಲೇ.

ತೋಳು ಮತ್ತು ಕೀಲು

ಹಿಂಭಾಗದ ತೋಳನ್ನು ಮನುಷ್ಯನ ಕೈಗೆ ಹೋಲಿಸಬಹುದು. ಯಂತ್ರಕ್ಕೆ ಅಂಟಿಕೊಂಡಿರುವ ಬೂಮ್ ಮೇಲ್ದೋಳು, ಅದರ ತುದಿಯ ಡಿಪ್ಪರ್ ಮುಂಗೈ, ಬಕೆಟ್ ಅಂಗೈ. ಬಕೆಟ್ಟಿನ ಬೆನ್ನಿನ ಮೇಲೆ ಎರಡು ಕಿವಿಗಳಿರುತ್ತವೆ. ಆ ಕಿವಿಗಳ ರಂಧ್ರಗಳಲ್ಲಿ ಎರಡು ಉಕ್ಕಿನ ಪಿನ್ನುಗಳು ತೂರಿಕೊಂಡಿರುತ್ತವೆ. ಒಂದು ಪಿನ್ನು ಬಕೆಟ್ಟನ್ನು ಡಿಪ್ಪರಿಗೆ ಸೇರಿಸುತ್ತದೆ. ಬಕೆಟ್ ತಿರುಗುವುದು ಇದರ ಸುತ್ತ. ಇನ್ನೊಂದು ಪಿನ್ನು ಬಕೆಟ್ಟನ್ನು ಲಿಂಕ್ ಎಂಬ ಕೊಂಡಿಗೆ ಸೇರಿಸುತ್ತದೆ. ಹೈಡ್ರಾಲಿಕ್ ಸಿಲಿಂಡರಿನ ಬಲ ಬಕೆಟ್ಟಿಗೆ ಬರುವುದು ಇದರ ಮೂಲಕ. ಪಿನ್ನು ಜಾರಿ ಹೊರಬರದಂತೆ ಅದರ ತಲೆಯಲ್ಲಿ ಒಂದು ಬೋಲ್ಟು ಅಥವಾ ಚಿಕ್ಕ ಲಾಕ್ ಇರುತ್ತದೆ. ಎತ್ತಿನ ಗಾಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಕಡಾಣಿ ಇಲ್ಲದ ಗಾಡಿಯನ್ನು ಯಾವ ರೈತನೂ ಹೂಡುವುದಿಲ್ಲ. ಲಾಕ್ ಬೋಲ್ಟು ಕಳೆದುಹೋದಾಗ ಅದರ ಜಾಗಕ್ಕೆ ಬೈಂಡಿಂಗ್ ತಂತಿ ಸುತ್ತಿದ ಯಂತ್ರಗಳು ಮಾತ್ರ ದಿನವೂ ಕಾಣಸಿಗುತ್ತವೆ.

ಒಂದು ಯಂತ್ರದ ಬಕೆಟ್ ಇನ್ನೊಂದಕ್ಕೆ ಹೊಂದಬೇಕಾದರೆ ಮೂರು ಅಳತೆಗಳು ಸರಿಯಾಗಿರಬೇಕು: ಪಿನ್ನಿನ ವ್ಯಾಸ, ಎರಡು ಪಿನ್ನುಗಳ ನಡುಬಿಂದುಗಳ ನಡುವಿನ ದೂರ, ಮತ್ತು ಎರಡು ಕಿವಿಗಳ ನಡುವಿನ ತೆರಪು. ಹಳೆಯ ಬಕೆಟ್ ಕೊಳ್ಳಲು ಹೋಗುವವರು ಅಳತೆಪಟ್ಟಿಯೊಂದಿಗೆ ಹೋಗುವುದು ಒಳ್ಳೆಯದು. ಪಿನ್ನು ಸ್ವಲ್ಪ ಸಣ್ಣದಾದರೂ ಕೆಲಸ ನಡೆಯುತ್ತದೆ ಎಂಬ ಮಾತು ಅಪಾಯಕರ. ಸಡಿಲವಾದ ಪಿನ್ನು ರಂಧ್ರವನ್ನು ಮೊಟ್ಟೆಯ ಆಕಾರಕ್ಕೆ ಸವೆಸುತ್ತದೆ. ಅನಂತರ ಹೊಸ ಬುಷ್ ಕೂರಿಸುವುದಕ್ಕೆ ಕಿವಿಯನ್ನೇ ಬೆಸುಗೆಯಿಂದ ತುಂಬಿ ಮತ್ತೆ ಕೊರೆಯಬೇಕಾಗುತ್ತದೆ. ಎರಡು ನಡುಬಿಂದುಗಳ ದೂರದಲ್ಲಿ ವ್ಯತ್ಯಾಸವಿದ್ದರೆ ಪಿನ್ನು ತೂರಿದರೂ ಬಕೆಟ್ ಪೂರ್ತಿ ಮಡಚುವುದಿಲ್ಲ ಅಥವಾ ಪೂರ್ತಿ ತೆರೆಯುವುದಿಲ್ಲ. ತೆರಪು ಹೆಚ್ಚಿದ್ದು ಬಕೆಟ್ ಅಕ್ಕಪಕ್ಕ ಅಲುಗಾಡುತ್ತಿದ್ದರೆ ಶಿಮ್ ಎಂಬ ತೆಳು ಉಕ್ಕಿನ ಬಿಲ್ಲೆಗಳನ್ನು ಸೇರಿಸಿ ಸರಿಪಡಿಸಬಹುದು.

ಯಾವ ಕೆಲಸಕ್ಕೆ ಯಾವ ಬಕೆಟ್?

ಹಿಂಭಾಗದ ಬಕೆಟ್ಟುಗಳನ್ನು ಅಗಲದಿಂದ ಹೆಸರಿಸುವುದು ವಾಡಿಕೆ. ಒಂದು ಅಡಿ, ಒಂದೂವರೆ ಅಡಿ, ಎರಡು ಅಡಿ, ಮೂರು ಅಡಿ. ಅಂದರೆ ಸುಮಾರು 300, 450, 600, 900 ಮಿಲಿಮೀಟರ್. ಬಾಡಿಗೆಗೆ ಬರುವ ಯಂತ್ರದಲ್ಲಿ ಸಾಮಾನ್ಯವಾಗಿ ಒಂದೇ ಬಕೆಟ್ ಇರುತ್ತದೆ, ಬಂದ ಕೆಲಸವನ್ನೆಲ್ಲ ಅದರಿಂದಲೇ ಮಾಡಲಾಗುತ್ತದೆ. ಇದರಿಂದಾಗುವ ನಷ್ಟವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು.

ನೂರು ಮೀಟರ್ ಉದ್ದ, ಒಂದು ಮೀಟರ್ ಆಳದ ಕಂದಕದಲ್ಲಿ 150 ಮಿಲಿಮೀಟರ್ ವ್ಯಾಸದ ಕೊಳವೆ ಹಾಕಬೇಕಾಗಿದೆ ಎಂದುಕೊಳ್ಳೋಣ. ಎರಡೂ ಬದಿಗೆ 150 ಮಿಲಿಮೀಟರ್ ಬಿಟ್ಟರೆ 450 ಮಿಲಿಮೀಟರ್ ಅಗಲ ಸಾಕು. ಒಂದೂವರೆ ಅಡಿಯ ಬಕೆಟ್ಟಿನಿಂದ ಅಗೆದರೆ ಹೊರಬರುವುದು 45 ಘನಮೀಟರ್ ಮಣ್ಣು. ಮೂರಡಿಯ ಬಕೆಟ್ಟಿನಿಂದ ಅಗೆದರೆ 90 ಘನಮೀಟರ್. ಅಗೆದ ಮಣ್ಣು ಸಡಿಲಗೊಂಡು ಉಬ್ಬುತ್ತದೆ. ಉಬ್ಬನ್ನು ನೂರಕ್ಕೆ 25ರಂತೆ ಹಿಡಿದರೆ ಮೊದಲನೆಯದು 56 ಘನಮೀಟರಾಗುತ್ತದೆ, ಎರಡನೆಯದು 112 ದಾಟುತ್ತದೆ. ರಸ್ತೆಬದಿಯಲ್ಲಿ ಮಣ್ಣು ಗುಡ್ಡೆ ಹಾಕಲು ಜಾಗವಿಲ್ಲದ ಕಡೆ ಆರು ಘನಮೀಟರ್ ಹಿಡಿಸುವ ಟಿಪ್ಪರಿನಲ್ಲಿ ಸಾಗಿಸಿದರೆ ಹತ್ತು ಸುತ್ತಿನ ಬದಲು ಹತ್ತೊಂಬತ್ತು ಸುತ್ತು. ಮುಚ್ಚುವಾಗಲೂ ಎರಡರಷ್ಟು ಮಣ್ಣು, ಎರಡರಷ್ಟು ದಮ್ಮಸು, ಮೇಲೆ ಎರಡರಷ್ಟು ಡಾಂಬರು. ದೊಡ್ಡ ಬಕೆಟ್ಟಿನಿಂದ ಕೆಲಸ ಬೇಗ ಮುಗಿಯಿತೆಂದು ಸಂತೋಷಪಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಬಕೆಟ್ಟಿನ ಆಯ್ಕೆಯಲ್ಲಿ ನೆಲದ ಗುಣವೂ ಮುಖ್ಯ. ದೆಹಲಿಯ ಯಮುನಾ ದಂಡೆಯ ಮೆಕ್ಕಲು ಮಣ್ಣಿನಲ್ಲಿ ಸಾಧಾರಣ ಬಕೆಟ್ ಸಲೀಸಾಗಿ ಇಳಿಯುತ್ತದೆ. ಪುಣೆಯ ಕಡೆ ಮೇಲೆ ಕಪ್ಪು ಮಣ್ಣು, ಕೆಳಗೆ ಮುರ್ರಂ, ಅದರ ಕೆಳಗೆ ಬಸಾಲ್ಟ್ ಕಲ್ಲು. ಒಂದೇ ಗುಂಡಿಯಲ್ಲಿ ಮೂರು ಬಗೆಯ ನೆಲ. ಹಸಿ ಕಪ್ಪು ಮಣ್ಣು ಬಕೆಟ್ಟಿನ ಒಳಮೈಗೆ ಅಂಟಿಕೊಂಡು, ಸುರಿದ ಮೇಲೂ ಅರ್ಧ ಒಳಗೇ ಉಳಿಯುತ್ತದೆ. ಇಂತಹ ಮಣ್ಣಿಗೆ ಕಿರಿದಾದ ಆಳವಾದ ಬಕೆಟ್ಟಿಗಿಂತ ಬಾಯಿ ಅಗಲವಾಗಿ ಒಡಲು ಆಳವಿಲ್ಲದ ಬಕೆಟ್ ಮೇಲು. ಹೈದರಾಬಾದಿನಲ್ಲಿ ಕೆಲವೇ ಅಡಿ ಅಗೆಯುವಷ್ಟರಲ್ಲಿ ಗ್ರಾನೈಟ್ ಬಂಡೆ ಎದುರಾಗುವುದುಂಟು. ಅಲ್ಲಿಗೆ ದಪ್ಪ ತಗಡಿನ, ಕೆಳಭಾಗದಲ್ಲಿ ಸವೆತ ತಡೆಯುವ ಪಟ್ಟಿಗಳಿರುವ ಕಿರಿದಾದ ರಾಕ್ ಬಕೆಟ್ ಬೇಕು. ಬಕೆಟ್ ಕಿರಿದಾದಷ್ಟೂ ಸಿಲಿಂಡರಿನ ಬಲ ಕಡಿಮೆ ಹಲ್ಲುಗಳ ಮೇಲೆ ಕೇಂದ್ರೀಕೃತವಾಗುತ್ತದೆ. ಗಟ್ಟಿ ನೆಲಕ್ಕೆ ಸಲಿಕೆ ಬಿಟ್ಟು ಹಾರೆ ಹಿಡಿಯುವ ತತ್ತ್ವವೇ ಇದು. ಒಡೆಯದ ಬಂಡೆಗೆ ಯಾವ ಬಕೆಟ್ಟೂ ಮದ್ದಲ್ಲ. ಅದಕ್ಕೆ ಹೈಡ್ರಾಲಿಕ್ ಬ್ರೇಕರ್ ಬೇಕು, ಮತ್ತು ಬ್ರೇಕರಿಗೆ ಪ್ರತ್ಯೇಕ ಎಣ್ಣೆಯ ಕೊಳವೆಗಳು ಯಂತ್ರದಲ್ಲಿರಬೇಕು. ತೋಳನ್ನು ಬೀಸಿ ಬಕೆಟ್ಟನ್ನು ಸುತ್ತಿಗೆಯಂತೆ ಬಂಡೆಗೆ ಬಡಿಯುವ ಆಪರೇಟರು ಡಿಪ್ಪರಿನ ಬೆಸುಗೆಗಳನ್ನು ಬಿರುಕು ಬಿಡಿಸುತ್ತಾನೆ. ಅದು ಅವನಿಗೆ ಆ ದಿನ ಕಾಣುವುದಿಲ್ಲ.

ಚರಂಡಿಯ ಹೂಳು ತೆಗೆಯಲು ಐದಾರು ಅಡಿ ಅಗಲದ, ಹಲ್ಲಿಲ್ಲದ ಬಕೆಟ್ ಇರುತ್ತದೆ. ಕಾಲುವೆಗೆ ಇಳಿಜಾರು ದಂಡೆ ಬೇಕಾದಲ್ಲಿ, ತಳ ಕಿರಿದಾಗಿ ಬಾಯಿ ಅಗಲವಾಗಿರುವ ಬಕೆಟ್ ಒಂದೇ ಎಳೆತದಲ್ಲಿ ಆಕಾರ ಕೊಡುತ್ತದೆ. ಕಲ್ಲು ಮಣ್ಣುಗಳನ್ನು ಬೇರ್ಪಡಿಸಲು ಜಾಲರಿ ತಳದ ಬಕೆಟ್ ಉಂಟು. ಮುಂಭಾಗದ ಲೋಡರ್ ಬಕೆಟ್ಟಿನಲ್ಲಿ ಬಾಯಿ ಎರಡಾಗಿ ತೆರೆಯುವ ಬಗೆಯೂ ಇದೆ. ಮಣ್ಣು ತುಂಬಲು, ಹರಡಲು, ಇಕ್ಕಳದಂತೆ ಹಿಡಿಯಲು ಬರುತ್ತದೆ. ಆದರೆ ಯಾವ ಬಕೆಟ್ಟೂ ಮನುಷ್ಯರನ್ನು ಕೂರಿಸಿಕೊಂಡು ಎತ್ತುವುದಕ್ಕಾಗಿ ಮಾಡಿದ್ದಲ್ಲ. ಮೆರವಣಿಗೆಗಳಲ್ಲಿ ಇದೇ ಬಕೆಟ್ಟಿನಲ್ಲಿ ನಿಂತು ನಾಯಕರ ಮೇಲೆ ಹೂ ಸುರಿಯುವುದು ಈಚೆಗೆ ರೂಢಿಯಾಗಿದೆ. ಒಂದು ಹೈಡ್ರಾಲಿಕ್ ಹೋಸ್ ಒಡೆದರೆ ಆ ಹೂಗಳೊಂದಿಗೆ ಯಾರು ಯಾರು ಕೆಳಗೆ ಬರುತ್ತಾರೆಂಬುದನ್ನು ಯೋಚಿಸಿದಂತೆ ಕಾಣುವುದಿಲ್ಲ.

ಮಣ್ಣಿನ ತೂಕವನ್ನೂ ಮರೆಯುವಂತಿಲ್ಲ. ಸಾಮಾನ್ಯವಾದ ಬಕೆಟ್ ಸುಮಾರು ಕಾಲು ಘನಮೀಟರ್ ಹಿಡಿಯುತ್ತದೆ. ನೀರು ಕುಡಿದ ಜೇಡಿಮಣ್ಣು ಘನಮೀಟರಿಗೆ ಎರಡು ಟನ್ನಿನ ಹತ್ತಿರ ತೂಗಬಹುದು. ಅಂದರೆ ತೋಳಿನ ತುದಿಯಲ್ಲಿ ಅರ್ಧ ಟನ್. ಇದರ ಎರಡರಷ್ಟು ಹಿಡಿಯುವ ಅಗಲ ಬಕೆಟ್ ಹಾಕಿ, ತೋಳನ್ನು ಪೂರ್ತಿ ಚಾಚಿ, ಪಕ್ಕಕ್ಕೆ ತಿರುಗಿಸಿದರೆ ಎದುರಿನ ಊರುಗಾಲು ನೆಲ ಬಿಟ್ಟೇಳುತ್ತದೆ. ಹೂಳಿನ ಬಕೆಟ್ಟನ್ನು ಹೂಳಿಗೇ ಮೀಸಲಿಡಬೇಕೆನ್ನುವುದು ಇದಕ್ಕಾಗಿ.

ಪಿನ್ನು ತೆಗೆದು ಬಕೆಟ್ ಬದಲಾಯಿಸುವ ಕ್ರಮ

ಮೊದಲು ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಊರುಗಾಲುಗಳನ್ನೂ ಮುಂದಿನ ಲೋಡರ್ ಬಕೆಟ್ಟನ್ನೂ ನೆಲಕ್ಕೆ ಇಳಿಸಬೇಕು. ಹಿಂದಿನ ಬಕೆಟ್ಟನ್ನು ಅದರ ತಳ ನೆಲದ ಮೇಲೆ ಪೂರ್ತಿ ಕೂರುವಂತೆ ಇಡಬೇಕು. ಖಾಲಿ ಬಕೆಟ್ಟೇ ನೂರು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಪಿನ್ನು ಹೊರಬಂದ ಕ್ಷಣ ಅದು ಉರುಳಬಾರದು. ಬೇಕಾದರೆ ಮರದ ದಿಮ್ಮಿಗಳ ಆನಿಕೆ ಕೊಡಬೇಕು. ಅನಂತರ ಎಂಜಿನ್ ನಿಲ್ಲಿಸಿ, ಲಿವರುಗಳನ್ನು ಎರಡು ಮೂರು ಬಾರಿ ಹಿಂದೆ ಮುಂದೆ ಆಡಿಸಿ ಕೊಳವೆಗಳಲ್ಲಿ ಉಳಿದ ಎಣ್ಣೆಯ ಒತ್ತಡವನ್ನು ಇಳಿಸಬೇಕು. ಕೀಲಿಕೈ ಆಪರೇಟರಿನ ಜೇಬಿನಲ್ಲಿರಬೇಕು, ಯಂತ್ರದಲ್ಲಲ್ಲ.

ಲಾಕ್ ಬೋಲ್ಟು ಬಿಚ್ಚಿ ಮೊದಲು ಲಿಂಕಿನ ಪಿನ್ನನ್ನು ಹೊರಡಿಸಿ, ಲಿಂಕ್ ಜೋತುಬಿದ್ದು ಕೈಗೆ ಬಡಿಯದಂತೆ ಕಟ್ಟಿ, ಅನಂತರ ಡಿಪ್ಪರಿನ ಪಿನ್ನನ್ನು ತೆಗೆಯಬೇಕು. ಇಲ್ಲಿ ನಡೆಯುವ ತಪ್ಪು ಎಲ್ಲರಿಗೂ ಗೊತ್ತಿರುವಂಥದು. ಪಿನ್ನು ಹದಗೊಳಿಸಿದ ಉಕ್ಕು. ಸುತ್ತಿಗೆಯೂ ಹದಗೊಳಿಸಿದ ಉಕ್ಕು. ಒಂದರಿಂದ ಇನ್ನೊಂದನ್ನು ನೇರವಾಗಿ ಹೊಡೆದರೆ ಚೂರು ಸಿಡಿಯುತ್ತದೆ. ನಡುವೆ ಹಿತ್ತಾಳೆಯ ಅಥವಾ ಮೆದು ಉಕ್ಕಿನ ತುಂಡನ್ನು ಇಟ್ಟು ಹೊಡೆಯಬೇಕು. ಹೊಡೆಯುವವರು ಮಾತ್ರವಲ್ಲ, ಪಕ್ಕದಲ್ಲಿ ತುಂಡನ್ನು ಹಿಡಿದವರೂ ಕನ್ನಡಕ ಧರಿಸಿರಬೇಕು. ಪಿನ್ನು ಸುಲಭವಾಗಿ ಬರದಿದ್ದರೆ ಬಕೆಟ್ಟಿನ ಭಾರ ಇನ್ನೂ ಅದರ ಮೇಲಿದೆ ಎಂದೇ ಬಹುಮಟ್ಟಿಗೆ ಅರ್ಥ. ಸಹಾಯಕನನ್ನು ದೂರ ಕಳುಹಿಸಿ, ಎಂಜಿನ್ ಚಾಲೂ ಮಾಡಿ, ತೋಳನ್ನು ಕೂದಲೆಳೆಯಷ್ಟು ಎತ್ತಿ ಅಥವಾ ಇಳಿಸಿ, ಮತ್ತೆ ನಿಲ್ಲಿಸಿ ಪ್ರಯತ್ನಿಸಬೇಕು.

ಹೊಸ ಬಕೆಟ್ಟನ್ನು ಜೋಡಿಸುವಾಗ ಕ್ರಮ ತಿರುವುಮುರುವು: ಮೊದಲು ಡಿಪ್ಪರಿನ ಪಿನ್ನು, ಆಮೇಲೆ ಲಿಂಕಿನದು. ರಂಧ್ರಗಳನ್ನು ಒರೆಸಿ ಗ್ರೀಸ್ ಹಚ್ಚಿಕೊಂಡಿರಬೇಕು. ಆಪರೇಟರು ತೋಳನ್ನು ನಿಧಾನವಾಗಿ ಇಳಿಸುತ್ತಾನೆ, ಸಹಾಯಕ ಬದಿಯಲ್ಲಿ ನಿಂತು ಕೈಸನ್ನೆ ಮಾಡುತ್ತಾನೆ. ಬೆರಳು ಹೋಗುವುದು ಈ ಘಳಿಗೆಯಲ್ಲಿ. ರಂಧ್ರಗಳು ಒಂದಕ್ಕೊಂದು ಕೂಡಿವೆಯೇ ಎಂದು ತಿಳಿಯಲು ಸಹಾಯಕ ಬೆರಳು ತೂರಿಸಿ ನೋಡುತ್ತಾನೆ, ಅದೇ ಹೊತ್ತಿಗೆ ತೋಳು ಒಂದು ಅಂಗುಲ ಸರಿಯುತ್ತದೆ. ಲಿವರ್ ಮುಟ್ಟದಿದ್ದರೂ ತೋಳು ತನ್ನ ಭಾರಕ್ಕೆ ತಾನೇ ಇಳಿಯುವುದುಂಟು. ಕಣ್ಣಿನಿಂದ ನೋಡಬೇಕು, ಇಲ್ಲವೇ ಸಣ್ಣ ಸಲಾಕೆಯಿಂದ ಪರೀಕ್ಷಿಸಬೇಕು. ಕೈ ಯಾವಾಗಲೂ ರಂಧ್ರದಿಂದ ದೂರವಿರಬೇಕು. ಸನ್ನೆ ಮಾಡುವವನು ಒಬ್ಬನೇ ಆಗಿರಬೇಕು. ಸುತ್ತ ನಿಂತ ನಾಲ್ವರು ನಾಲ್ಕು ಭಾಷೆಗಳಲ್ಲಿ ಕೂಗುವುದು ಮಹಾನಗರದ ಕಾಮಗಾರಿಗಳಲ್ಲಿ ಸಾಮಾನ್ಯ ದೃಶ್ಯ. 'ಮೇಲೆ', 'ಕೆಳಗೆ', 'ನಿಲ್ಲಿಸು' ಎಂಬ ಮೂರು ಸನ್ನೆಗಳನ್ನು ಕೆಲಸ ಪ್ರಾರಂಭಿಸುವ ಮುನ್ನವೇ ಇಬ್ಬರೂ ಮಾತಾಡಿಕೊಂಡಿದ್ದರೆ ಸಾಕು.

ಕ್ವಿಕ್ ಹಿಚ್: ಅನುಕೂಲ ಮತ್ತು ಅಪಾಯ

ಈ ಶ್ರಮವನ್ನು ತಪ್ಪಿಸಲು ಕ್ವಿಕ್ ಹಿಚ್ ಅಥವಾ ಕ್ವಿಕ್ ಕಪ್ಲರ್ ಎಂಬ ಸಾಧನ ಬಂದಿದೆ. ಅದನ್ನು ಡಿಪ್ಪರಿನ ತುದಿಗೆ ಕಾಯಂ ಆಗಿ ಜೋಡಿಸಲಾಗುತ್ತದೆ. ಪಿನ್ನುಗಳು ಬಕೆಟ್ಟಿನಲ್ಲೇ ಉಳಿಯುತ್ತವೆ. ಹಿಚ್ಚಿನ ಒಂದು ಕೊಕ್ಕೆ ಮುಂದಿನ ಪಿನ್ನನ್ನು ಹಿಡಿಯುತ್ತದೆ, ಚಿಲಕದಂಥ ಇನ್ನೊಂದು ಭಾಗ ಹಿಂದಿನ ಪಿನ್ನನ್ನು ಕಚ್ಚುತ್ತದೆ. ಅರ್ಧ ಗಂಟೆಯ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಚಿಲಕವನ್ನು ಕೈಯಿಂದ ಬಿಗಿಯುವ ಬಗೆ ಒಂದು. ಚಿಲಕ ತಾನಾಗಿ ಕಚ್ಚಿಕೊಂಡರೂ ಮೇಲೊಂದು ಸುರಕ್ಷಾ ಪಿನ್ನನ್ನು ಕೈಯಿಂದ ತೂರಿಸಬೇಕಾದ ಬಗೆ ಇನ್ನೊಂದು. ಕ್ಯಾಬಿನ್ನಿನಿಂದಲೇ ಎಲ್ಲವನ್ನೂ ನಡೆಸುವ ಹೈಡ್ರಾಲಿಕ್ ಬಗೆ ಮೂರನೆಯದು.

ಎರಡನೆಯ ಬಗೆಯೇ ಹೆಚ್ಚು ಪ್ರಾಣ ತೆಗೆದಿರುವುದು. ಆಪರೇಟರು ಕ್ಯಾಬಿನ್ನಿನಿಂದ ಇಳಿದು ಸುರಕ್ಷಾ ಪಿನ್ನನ್ನು ಹಾಕಬೇಕು. ಅವಸರದಲ್ಲಿ ಇಳಿಯುವುದಿಲ್ಲ. ಬಕೆಟ್ ಜೋಡಿಸಿದಂತೆಯೇ ಕಾಣುತ್ತದೆ, ಅಗೆಯುತ್ತದೆ, ಮಣ್ಣು ಎತ್ತುತ್ತದೆ. ಇದಕ್ಕೆ ಕಾರಣವಿದೆ. ಅಗೆಯುವಾಗ ನೆಲದ ಒತ್ತಡವೇ ಪಿನ್ನುಗಳನ್ನು ಹಿಚ್ಚಿನೊಳಕ್ಕೆ ಒತ್ತಿ ಹಿಡಿದಿರುತ್ತದೆ. ತೋಳು ಗಾಳಿಯಲ್ಲಿದ್ದು ಬಕೆಟ್ ಹೊರಕ್ಕೆ ತೆರೆದುಕೊಂಡಾಗ ಆ ಆಸರೆ ತಪ್ಪುತ್ತದೆ. ಚಿಲಕ ಪಿನ್ನನ್ನು ನಿಜವಾಗಿ ಕಚ್ಚದೆ ಅದರ ಮೇಲೆ ಸುಮ್ಮನೆ ಒರಗಿಕೊಂಡಿದ್ದರೆ ಬಕೆಟ್ ಒಂದೇ ಪಿನ್ನಿನಲ್ಲಿ ಜೋತುಬೀಳುತ್ತದೆ ಅಥವಾ ಕಳಚಿ ಬೀಳುತ್ತದೆ. ಆ ಹೊತ್ತಿಗೆ ಕೆಳಗೆ ಕಂದಕದಲ್ಲಿ ಕೊಳವೆ ಜೋಡಿಸುತ್ತಿರುವವರು ಇರುತ್ತಾರೆ. ಬ್ರಿಟನ್ನಿನಲ್ಲಿ ಸುರಕ್ಷಾ ಪಿನ್ನು ಹಾಕದೆ ಬಿಟ್ಟದ್ದರಿಂದಲೇ ಕಾರ್ಮಿಕರು ಸತ್ತ ಪ್ರಕರಣಗಳು ನಡೆದು, ಅಲ್ಲಿನ ಸುರಕ್ಷಾ ಇಲಾಖೆ ಈ ಬಗೆಯ ಹಿಚ್ಚಿನ ಬಗ್ಗೆ ಎಚ್ಚರಿಕೆ ನೀಡಬೇಕಾಯಿತು. ಅಮೆರಿಕದ ಕಾರ್ಮಿಕ ಸುರಕ್ಷಾ ಇಲಾಖೆಯೂ 2005ರಲ್ಲಿ ಇದೇ ಅಪಾಯವನ್ನು ಕುರಿತು ಪ್ರತ್ಯೇಕ ಪ್ರಕಟಣೆ ಹೊರಡಿಸಿತು.

ಹಿಚ್ಚಿನ ಇನ್ನೊಂದು ಪರಿಣಾಮ ಖರೀದಿ ಮಾಡುವವರಿಗೆ ತಿಳಿದಿರಬೇಕು. ಅದಕ್ಕೂ ತೂಕವಿದೆ, ಮತ್ತು ಅದು ಬಕೆಟ್ಟನ್ನು ಡಿಪ್ಪರಿನಿಂದ ದೂರ ತಳ್ಳುತ್ತದೆ. ತಿರುಗುವ ಪಿನ್ನಿನಿಂದ ಹಲ್ಲಿನ ತುದಿಗೆ 80 ಸೆಂಟಿಮೀಟರ್ ಇದ್ದುದು ಹಿಚ್ ಸೇರಿದ ಮೇಲೆ 100 ಆಯಿತೆಂದರೆ, ಅದೇ ಸಿಲಿಂಡರಿನ ಬಲ ಹಲ್ಲಿನ ತುದಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ದಿನಕ್ಕೆ ನಾಲ್ಕು ಬಾರಿ ಬಕೆಟ್ ಬದಲಾಯಿಸುವವರಿಗೆ ಈ ನಷ್ಟ ಲೆಕ್ಕಕ್ಕಿಲ್ಲ. ತಿಂಗಳಿಗೊಮ್ಮೆ ಬದಲಾಯಿಸುವ, ಕಲ್ಲುನೆಲದಲ್ಲಿ ದುಡಿಯುವ ಯಂತ್ರಕ್ಕೆ ಪಿನ್ನಿನ ಜೋಡಣೆಯೇ ಸರಿ ಎಂಬುದು ನಮ್ಮ ಅಭಿಪ್ರಾಯ.

ನೆಲದೊಳಗಿನ ಕೇಬಲ್ ಮತ್ತು ಕೊಳವೆ

ಕೆಲವು ವರ್ಷಗಳ ಹಿಂದೆ ದೆಹಲಿಯಲ್ಲಿ ಈ ಲೇಖಕನ ವಸತಿ ಸಮುಚ್ಚಯದ ಮುಂದೆ ನಾಲ್ಕು ಅಂಗುಲದ ಕೊಳವೆಯೊಂದನ್ನು ಹಾಕಲು ಮೂರಡಿಯ ಹಲ್ಲಿನ ಬಕೆಟ್ ಹೊತ್ತ ಯಂತ್ರ ಬಂದಿತು. ಒಂದೂವರೆ ಅಡಿ ಪಕ್ಕದಲ್ಲಿದ್ದ ಹಳೆಯ ನೀರಿನ ಕೊಳವೆ ಒಡೆದು, ಜೂನ್ ತಿಂಗಳ ಬಿಸಿಲಿನಲ್ಲಿ ಎರಡು ದಿನ ನೂರು ಮನೆಗಳಿಗೆ ಟ್ಯಾಂಕರೇ ಗತಿಯಾಯಿತು. ಆಪರೇಟರನ್ನು ಎಲ್ಲರೂ ಬೈದರು. ಕಿರಿದಾದ ಬಕೆಟ್ ತನ್ನಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊಳವೆ ಎಲ್ಲಿದೆಯೆಂದೂ ತೋರಿಸಿರಲಿಲ್ಲ.

ಅಗೆಯುವ ಮುನ್ನ ಸಂಬಂಧಪಟ್ಟ ಸಂಸ್ಥೆಗಳಿಗೆ ತಿಳಿಸುವುದಕ್ಕಾಗಿ ಕೇಂದ್ರ ದೂರಸಂಪರ್ಕ ಇಲಾಖೆಯ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪ್ 2023ರ ಮಾರ್ಚ್ 22ರಂದು ಬಿಡುಗಡೆಯಾಗಿದೆ. ಕೇಬಲ್ ಇದೆಯೆಂದು ತಿಳಿದ ಜಾಗದಲ್ಲಿ ಹಲ್ಲಿನ ಬಕೆಟ್ಟನ್ನು ಬಿಚ್ಚಿ, ನೇರ ಅಂಚಿನ ಬಕೆಟ್ಟಿನಿಂದ ತೆಳುವಾಗಿ ಕೆರೆಯುತ್ತ ಹೋಗಿ, ಕೊನೆಯ ಒಂದೆರಡು ಅಡಿಯನ್ನು ಸಲಿಕೆಯಿಂದ ಕೈಯಾರೆ ತೆಗೆಯಬೇಕು.

ಕಂದಕದ ಸುರಕ್ಷತೆಗೆ ಭಾರತೀಯ ಮಾನಕ 3764 ಅನ್ವಯಿಸುತ್ತದೆ. ಒಂದೂವರೆ ಮೀಟರಿಗಿಂತ ಆಳವಾದ ಕಂದಕದ ಗೋಡೆಗಳಿಗೆ ಆನಿಕೆ ಕೊಡಬೇಕು ಅಥವಾ ಅವನ್ನು ಇಳಿಜಾರಾಗಿಸಬೇಕು. ಕಟ್ಟಡ ಕಾರ್ಮಿಕರ ರಕ್ಷಣೆಗಾಗಿ 1996ರಲ್ಲಿ ಬಂದ ಕಾಯಿದೆಯನ್ನು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರಲ್ಲಿ ವಿಲೀನಗೊಳಿಸಲಾಗಿದೆ.

ಜೋಡಣೆಯ ನಂತರದ ಪರೀಕ್ಷೆ

ಪಿನ್ನಿನಿಂದ ಜೋಡಿಸಿದ್ದಾಗಲಿ ಹಿಚ್ಚಿನಿಂದ ಜೋಡಿಸಿದ್ದಾಗಲಿ, ಕೆಲಸಕ್ಕೆ ಇಳಿಯುವ ಮುನ್ನ ಬಕೆಟ್ಟನ್ನು ನೆಲದಿಂದ ಒಂದಡಿಯಷ್ಟೇ ಎತ್ತಿ ಪೂರ್ತಿ ಮಡಚಿ, ಪೂರ್ತಿ ತೆರೆದು ನೋಡಬೇಕು. ಅನಂತರ ತೆರೆದ ಬಕೆಟ್ಟಿನ ಹಲ್ಲುಗಳನ್ನು ನೆಲಕ್ಕೆ ಊರಿ ಒತ್ತಿ, ಹಿಂದಕ್ಕೆ ಎಳೆದು, ಅಲುಗಾಡಿಸಬೇಕು. ಆಮೇಲೆ ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಲಾಕ್ ಬೋಲ್ಟುಗಳನ್ನು ಅಥವಾ ಸುರಕ್ಷಾ ಪಿನ್ನನ್ನು ಹತ್ತಿರದಿಂದ ಕಣ್ಣಾರೆ ಕಾಣಬೇಕು. ಕ್ಯಾಬಿನ್ನಿನ ಗಾಜಿನ ಮೂಲಕ ನೋಡಿದ್ದು ಲೆಕ್ಕಕ್ಕೆ ಬಾರದು. ಎರಡೂ ಪಿನ್ನುಗಳ ನಿಪ್ಪಲಿಗೆ ಹೊಸ ಗ್ರೀಸ್ ಅಂಚಿನಲ್ಲಿ ಕಾಣುವವರೆಗೆ ಗನ್ ಒತ್ತಬೇಕು, ಇದನ್ನು ಪ್ರತಿದಿನ ಬೆಳಿಗ್ಗೆ ಮಾಡಬೇಕು. ಹಲ್ಲುಗಳಲ್ಲಿ ಒಂದು ಬಿದ್ದುಹೋಗಿದ್ದರೆ ಅದೇ ದಿನ ಹಾಕಿಸಬೇಕು. ಬರಿದಾದ ಅಡಾಪ್ಟರ್ ಸವೆದರೆ ಹೊಸ ಹಲ್ಲು ಅದರ ಮೇಲೆ ನಿಲ್ಲುವುದಿಲ್ಲ. ಬಿಚ್ಚಿದ ಹಳೆಯ ಬಕೆಟ್ಟನ್ನು ಮಕ್ಕಳು ಆಡುವ ಜಾಗದಲ್ಲಿ ಅಂಚಿನ ಮೇಲೆ ನಿಲ್ಲಿಸದೆ ತಳ ಊರಿ ಮಲಗಿಸಿ, ಪಿನ್ನು, ಶಿಮ್, ಬೋಲ್ಟುಗಳನ್ನು ಅದರೊಳಗೇ ಒಂದು ಚೀಲದಲ್ಲಿ ಕಟ್ಟಿ ಇಡಬೇಕು.